ತೂಕದ ಕಾಕಾ ಮತ್ತು ಒಂದೂವರೆ ಕಿಲೊ

ತೂಕದ ಯಂತ್ರವನ್ನು ಅವರಷ್ಟು ಮರ್ಯಾದೆಯಿಂದ ಏರಿದವರನ್ನು ನಾನು ಕಂಡಿಲ್ಲ. ಮೊದಲು ಚಪ್ಪಲಿ ಬಾಗಿಲ ಹೊರಗೆ. ಆಮೇಲೆ ಅಂಗಿಯ ಜೇಬಿನಿಂದ ಕನ್ನಡಕದ ಡಬ್ಬಿ, ಮೊಬೈಲು, ಬಸ್ ಪಾಸು, ಮನೆಯ ಕೀಲಿ ಒಂದೊಂದಾಗಿ ಹೊರಬಂದು ನನ್ನ ಮೇಜಿನ ಮೇಲೆ ಸಾಲಾಗಿ ಕೂರುತ್ತಿದ್ದವು. ಹೆಗಲ ಮೇಲಿನ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಅವುಗಳ ಪಕ್ಕಕ್ಕೆ ಇಡುತ್ತಿದ್ದರು. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮಾತ್ರ ತೆಗೆಯುತ್ತಿರಲಿಲ್ಲ. "ಇದು ಕೊಳ್ಳಾಗಿಂದ ಇಳಿಯಂಗಿಲ್ರಿ. ದಾರ ಹಿಡದು ಎಂಬತ್ತು ಗ್ರಾಂ ಐತಿ, ಕಳದು ಬರಕೋರಿ" ಎನ್ನುತ್ತಿದ್ದರು. ಎಂಬತ್ತು ಗ್ರಾಂ ಕಳೆಯುವಷ್ಟು ಸೂಕ್ಷ್ಮ ನಮ್ಮ ಯಂತ್ರಕ್ಕೆ ಇರಲಿಲ್ಲ. ಹಾಗೆ ಹೇಳಿದರೆ ಅವರಿಗೆ ನಮ್ಮ ಬಗ್ಗೆ ಗೌರವ ಕಡಿಮೆಯಾದೀತು ಎಂದು ನಾನು ಹೂಂ ಎನ್ನುತ್ತಿದ್ದೆ. ಮೇಲೆ ನಿಂತ ಮೇಲೆ ಎದುರಿನ ಗೋಡೆ ನೋಡುತ್ತಾ ಉಸಿರು ಹಿಡಿಯುವರು. ನಮ್ಮದು ಕೆಂಪು ಅಂಕಿ ಮಿನುಗುವ ಯಂತ್ರ, ಅದರಲ್ಲಿ ಮುಳ್ಳಿಲ್ಲ. ಆದರೂ ಪ್ರತಿ ಸಲ "ಮುಳ್ಳು ನಿಂತಿತೇನ್ರಿ?" ಎಂದು ಕೇಳಿಯೇ ಇಳಿಯುತ್ತಿದ್ದರು.

ನಾನು ಸಿಂಧನೂರಿನ ಒಂದು ಡಯಾಲಿಸಿಸ್ ಕೋಣೆಯಲ್ಲಿ ಟೆಕ್ನಿಶಿಯನ್. ಕಿಡ್ನಿ ಕೆಲಸ ನಿಲ್ಲಿಸಿದವರ ರಕ್ತವನ್ನು ಯಂತ್ರಕ್ಕೆ ಹರಿಸಿ, ಶುದ್ಧ ಮಾಡಿ, ಮರಳಿ ಮೈಗೆ ಸೇರಿಸುವುದು ನನ್ನ ಕೆಲಸ. ಅವರು ಮಸ್ಕಿಯಿಂದ ಮಂಗಳವಾರ, ಗುರುವಾರ, ಶನಿವಾರ ಬಸ್ಸಿನಲ್ಲಿ ಬರುತ್ತಿದ್ದರು. ಎರಡು ವರ್ಷಕ್ಕೂ ಮೇಲೆ ಬಂದರು. ಹೋದ ತಿಂಗಳು ಅವರ ಹೆಂಡತಿ ಫೋನ್ ಮಾಡಿ, "ನಿಮ್ಮ ಕಾಕಾ ಹೋದ್ರವ್ವ" ಎಂದಷ್ಟೇ ಹೇಳಿದರು. ಅಂದಿನಿಂದ ಯಾರಾದರೂ ಜೇಬಿನ ತುಂಬ ಸಾಮಾನು ತುಂಬಿಕೊಂಡೇ ಯಂತ್ರ ಏರಿದರೆ ನನಗೆ ಸಿಟ್ಟು ಬರುತ್ತದೆ. ಸಿಟ್ಟಿನ ಹಿಂದೆಯೇ ಅಳು ಬರುತ್ತದೆ.

ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಅವರನ್ನು ಕರೆದವರೂ ಕಡಿಮೆ. ಗಂಜ್‌ನಲ್ಲಿ, ಅಂದರೆ ನಮ್ಮ ಕಡೆಯ ದವಸದ ಮಾರುಕಟ್ಟೆಯಲ್ಲಿ, ಅವರು ನಲವತ್ತು ವರ್ಷ ತೂಕದ ಕಾಟಾ ಹಿಡಿದವರು. ರೈತರು ತಂದ ಭತ್ತ, ಜೋಳ, ಹತ್ತಿಯನ್ನು ತೂಗಿ, ಇಷ್ಟು ಎಂದು ಕೂಗಿ ಹೇಳುವ ಕೆಲಸ. ಆ ಕೆಲಸ ಬಲು ಫಜೀತಿಯದು. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತಿರಬೇಕು, ಇಬ್ಬರ ಅನುಮಾನವನ್ನೂ ಹೊತ್ತುಕೊಳ್ಳಬೇಕು. ಅಂಥ ಜಾಗದಲ್ಲಿ ನಿಂತು ಒಬ್ಬರಿಂದಲೂ ಒಂದು ಮಾತು ಅನ್ನಿಸಿಕೊಳ್ಳದೆ ಬಂದವರು ಇವರು. ಇದನ್ನು ನನಗೆ ಹೇಳಿದ್ದು ಅವರ ಪಕ್ಕದ ಹಾಸಿಗೆಯ ರೋಗಿ, ನಿವೃತ್ತ ಬಸ್ ಕಂಡಕ್ಟರ್. ದಢೇಸುಗೂರಿನ ಕಡೆಯ ರೈತರು "ಆ ತೂಕದಾವ್ರು ಬಂದಾರೇನು?" ಎಂದು ವಿಚಾರಿಸಿಕೊಂಡೇ ಭತ್ತ ಇಳಿಸುತ್ತಿದ್ದರಂತೆ. ನಮ್ಮ ಕೋಣೆಗೆ ಬಂದ ಮೇಲೆ ಅವರು ಎಲ್ಲರಿಗೂ ತೂಕದ ಕಾಕಾ ಆದರು.

ಕಾಕಾ ಎತ್ತರದ ಆಳು. ಕಾಯಿಲೆ ಬಂದ ಮೇಲೆ ಮೈ ಇಳಿದು ಅಂಗಿ ಹ್ಯಾಂಗರಿನ ಮೇಲೆ ತೂಗುಹಾಕಿದಂತೆ ಕಾಣುತ್ತಿತ್ತು. ಎದುರಿಗೆ ಯಾರು ಬಂದರೂ ಅವರ ಕಣ್ಣು ಮೊದಲು ಅಳೆಯುತ್ತಿತ್ತು. ಹೊಸ ರೋಗಿ ಬಾಗಿಲಲ್ಲಿ ಕಾಣಿಸಿದರೆ ಸಾಕು, "ಐವತ್ತೆಂಟು" ಎಂದು ಕಂಡಕ್ಟರಿಗೆ ಪಿಸುಗುಡುವರು. ಯಂತ್ರ ಐವತ್ತೆಂಟೂವರೆ ತೋರಿಸಿದರೆ, "ಬೂಟು ಬಿಚ್ಚಿಲ್ಲ ನೋಡ್ರಿ" ಎನ್ನುವರು. ಒಮ್ಮೆ ನನ್ನನ್ನೂ ಮೇಲಿಂದ ಕೆಳಗೆ ನೋಡಿ ಏನೋ ಹೇಳಲು ಬಾಯಿ ತೆರೆದರು. "ಕಾಕಾ, ಸೂಜಿ ನನ್ನ ಕೈಯಾಗ ಐತಿ" ಎಂದೆ. ಬಾಯಿ ಮುಚ್ಚಿಕೊಂಡರು.

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಬಾಳೆಲ್ಲ ತೂಕದ ಮೇಲೆ ನಿಂತಿರುತ್ತದೆ. ಮೂತ್ರ ನಿಂತುಹೋಗಿರುತ್ತದೆ, ಹಾಗಾಗಿ ಕುಡಿದ ನೀರು ಹೊರಗೆ ಹೋಗಲು ದಾರಿಯಿಲ್ಲ. ಕಾಲಿನಲ್ಲಿ, ಮುಖದಲ್ಲಿ, ಕೊನೆಗೆ ಶ್ವಾಸಕೋಶದಲ್ಲಿ ಸೇರಿಕೊಳ್ಳುತ್ತದೆ. ನೀರೆಲ್ಲ ತೆಗೆದ ಮೇಲೆ ಉಳಿಯುವ ಮೈಭಾರಕ್ಕೆ ಒಣ ತೂಕ ಎನ್ನುತ್ತೇವೆ. ಬಂದ ದಿನದ ತೂಕದಲ್ಲಿ ಒಣ ತೂಕ ಕಳೆದರೆ ಉಳಿಯುವುದಷ್ಟೂ ನೀರು, ಅಷ್ಟನ್ನೂ ನಾಲ್ಕು ತಾಸಿನಲ್ಲಿ ಯಂತ್ರ ಎಳೆಯಬೇಕು. ಹೆಚ್ಚು ಎಳೆದರೆ ರಕ್ತದೊತ್ತಡ ಕುಸಿಯುತ್ತದೆ, ಕಡಿಮೆ ಎಳೆದರೆ ಉಸಿರು ಕಟ್ಟುತ್ತದೆ. ಇದನ್ನು ಬೇರೆಯವರಿಗೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ಗಂಟಲು ಒಣಗುತ್ತದೆ. ಕಾಕಾಗೆ ಒಂದೇ ಮಾತಿಗೆ ಹೊಳೆಯಿತು. "ಒಣ ತೂಕಾ? ಇದು ನಮ್ಮ ಗಂಜ್‌ನ ಮಾತ ಐತಲ್ಲ ತಂಗೆವ್ವ. ಹಸಿ ಭತ್ತ ತೂಕ ಜಾಸ್ತಿ ಬರ್ತೈತಿ, ಒಣಗಿದ ಮ್ಯಾಲ ಖರೇ ತೂಕ. ನಾ ಹಸಿ ಭತ್ತ ಆಗೀನಿ, ನೀವು ಒಣಗಸಾಕತ್ತೀರಿ. ಅಷ್ಟ ಹೌದಿಲ್ಲೋ?" ಎಂದರು.

ಅಷ್ಟೇ ಹೌದು. ಡಾಕ್ಟರು ಅವರಿಗೆ ದಿನಕ್ಕೆ ಮುಕ್ಕಾಲು ಲೀಟರ್ ನೀರು ಎಂದು ಹೇಳಿದ್ದರು. ಚಹಾ, ಮಜ್ಜಿಗೆ, ಗುಳಿಗೆ ನುಂಗುವ ನೀರು ಎಲ್ಲ ಅದರಲ್ಲೇ. ಕಾಕಾ ದಿನಾ ಬೆಳಿಗ್ಗೆ ಅಷ್ಟನ್ನು ಒಂದು ಬಾಟಲಿಗೆ ಅಳೆದು ತುಂಬಿಟ್ಟುಕೊಳ್ಳುತ್ತಿದ್ದರು. ನಮ್ಮ ಕಡೆಯ ಬಿಸಿಲಲ್ಲಿ ಮುಕ್ಕಾಲು ಲೀಟರ್ ಅಂದರೆ ಏನೆಂದು ಇಲ್ಲಿಯವರಿಗೇ ಗೊತ್ತು. ಅದಕ್ಕಿಂತ ಕಷ್ಟ ಇಲ್ಲಿಯ ಉಪಚಾರ. ಯಾರ ಮನೆಗೆ ಹೋದರೂ ಕೂರುವ ಮೊದಲೇ ಕೈಗೆ ತಂಬಿಗೆ ಬರುತ್ತದೆ, ಅದರ ಹಿಂದೆ ಚಹಾ. ಬೇಡ ಎಂದರೆ ಮನೆಯವರ ಮುಖ ಸಣ್ಣದಾಗುತ್ತದೆ. ಇದಕ್ಕೆ ಕಾಕಾ ಒಂದು ಉಪಾಯ ಮಾಡಿಕೊಂಡಿದ್ದರು. ತಂಬಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಹಣೆಗೆ ಮುಟ್ಟಿಸಿ, ಕೆಳಗಿಟ್ಟು, "ಮುಟ್ಟಿದೆ, ಕುಡದಂಗ ಆತು" ಎನ್ನುವರು. ಹಾಗೆ ಅಂದ ಮೇಲೆ ಯಾರೂ ಒತ್ತಾಯ ಮಾಡುತ್ತಿರಲಿಲ್ಲ. ನಮ್ಮ ಕೋಣೆಯ ಉಳಿದವರಿಗೂ ಅದನ್ನು ಕಲಿಸಿದರು. ಬಾಯಾರಿದರೆ ಏಲಕ್ಕಿ ಸಿಪ್ಪೆ ಬಾಯಲ್ಲಿಟ್ಟುಕೊಳ್ಳುವುದು, ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳುವುದು, ಬಸ್ಸಿನಲ್ಲಿ ಬಿಸಿಲು ಬೀಳದ ಕಡೆಯ ಸೀಟು ಹಿಡಿಯುವುದು, ಬಸ್ ಸ್ಟ್ಯಾಂಡಿನ ಒಗ್ಗರಣೆ ಮಿರ್ಚಿಯ ಕಡೆ ಕಣ್ಣೆತ್ತಿಯೂ ನೋಡದಿರುವುದು. "ಉಪ್ಪು ಒಳಗ ಹೋತಂದ್ರ ನೀರನ್ನ ಕೈಹಿಡದು ಕರಕೊಂಡ ಬರ್ತೈತಿ" ಎಂದು ಹೊಸಬರಿಗೆ ಹೇಳುವರು. ನಾನು ಹತ್ತು ಸಲ ಹೇಳಿದರೂ ಕೇಳದವರು ಅವರ ಮಾತು ಕೇಳುತ್ತಿದ್ದರು.

ಇಷ್ಟೆಲ್ಲ ಮಾಡುವ ಮನುಷ್ಯನ ತೂಕ ಮಾತ್ರ ಸರಿ ಬರುತ್ತಿರಲಿಲ್ಲ. ಎರಡು ಕಿಲೊದ ಒಳಗೆ ಏರಬೇಕಾದದ್ದು ಪ್ರತಿ ಸಲ ಮೂರೂವರೆ ಏರುತ್ತಿತ್ತು. ಒಂದೂವರೆ ಕಿಲೊ ಎಲ್ಲಿಂದಲೋ ಬಂದು ಸೇರಿಕೊಳ್ಳುತ್ತಿತ್ತು. ಅಷ್ಟು ನೀರು ಎಳೆಯುವಾಗ ಮೂರನೆಯ ತಾಸಿಗೆ ಮೀನಖಂಡ ಹಿಡಿದುಕೊಂಡು ಒದ್ದಾಡುವರು. ನಾನು ಕಾಲು ಒತ್ತುತ್ತಾ ಬೈಯುವುದು, ಅವರು ಹಲ್ಲು ಕಚ್ಚಿಕೊಂಡು "ಇಲ್ರಿ, ಬಾಟಲಿ ಬಿಟ್ರ ಒಂದು ಹನಿ ಕುಡದಿಲ್ರಿ" ಎನ್ನುವುದು. ಮಜ್ಜಿಗೆ ಕೇಳಿದೆ. ಇಲ್ಲ. ಕಲ್ಲಂಗಡಿ ಕೇಳಿದೆ. ಇಲ್ಲ. ಐಸ್ ಕೇಳಿದೆ, ಸಾರು ಕೇಳಿದೆ, ಕದ್ದು ಕುಡಿಯುವ ಚಹಾ ಕೇಳಿದೆ. ಎಲ್ಲಕ್ಕೂ ಇಲ್ಲ.

ನನ್ನ ಬಾಯಿ ಜೋರು. ರೋಗಿಗಳು ಬೆನ್ನ ಹಿಂದೆ ನನ್ನನ್ನು ಜೋರು ಮೇಡಂ ಎನ್ನುತ್ತಾರೆ, ಅದು ನನಗೂ ಗೊತ್ತು. ಇಲ್ಲಿ ಮೆತ್ತಗೆ ಮಾತಾಡಿದರೆ ಜನ ನೀರು ಕುಡಿದು ಸಾಯುತ್ತಾರೆ, ಹಾಗಾಗಿ ಜೋರಾಗಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಒಂದು ಮಂಗಳವಾರ ಕಾಕಾ ಮೂರು ಕಿಲೊ ಎಂಟುನೂರು ಏರಿಸಿಕೊಂಡು ಬಂದರು. ಉಳಿದ ಹಾಸಿಗೆಗಳೆಲ್ಲ ತುಂಬಿದ್ದವು, ಬಾಗಿಲಲ್ಲಿ ಮನೆಯವರು ನಿಂತಿದ್ದರು. ನಾನು ಎಲ್ಲರೆದುರಿಗೆ ಹೇಳಿಬಿಟ್ಟೆ.

"ಕಾಕಾ, ಸುಳ್ಳು ಹೇಳೂದಕ್ಕೂ ಒಂದು ಮಿತಿ ಇರ್ತೈತಿ. ಗಾಳಿ ಕುಡದು ತೂಕ ಏರ್ತೈತೇನ್ರಿ?"

ಕಾಕಾ ಯಂತ್ರದ ಮೇಲೆ ಇನ್ನೂ ನಿಂತೇ ಇದ್ದರು. ಕೆಳಗಿಳಿದು, ಟವೆಲ್ಲು ಹೆಗಲಿಗೆ ಹಾಕಿಕೊಂಡು, ಕೀಲಿ, ಪಾಸು, ಮೊಬೈಲು, ಕನ್ನಡಕದ ಡಬ್ಬಿ ಒಂದೊಂದಾಗಿ ಜೇಬಿಗೆ ತುಂಬಿಕೊಂಡರು. ಹಾಸಿಗೆಗೆ ಹೋಗಿ ಮಲಗಿ, ಸೂಜಿಗೆ ಕೈ ಚಾಚಿದರು.

ಗುರುವಾರ ಬಂದಾಗ ಕೈಯಲ್ಲಿ ಒಂದು ಗೋಣಿಚೀಲ. ನನ್ನ ಮೇಜಿನ ಮೇಲೆ ಇಟ್ಟರು, ಮೇಜು ನಡುಗಿತು. ಒಳಗೆ ಐದೈದು ಕಿಲೊದ ಎರಡು ಕಬ್ಬಿಣದ ತೂಕದ ಕಲ್ಲು. ಮಸ್ಕಿಯಿಂದ ಬಸ್ಸಿನಲ್ಲಿ ಹೊತ್ತು ತಂದಿದ್ದರು.

"ಸೂಜಿ ಚುಚ್ಚೋ ಕೈಲೆ ಹೊತ್ತೀರೇನ್ರಿ?" ಎಂದು ಬೈದೆ. ಆ ಕೈಯಲ್ಲಿ ಭಾರ ಎತ್ತಿದರೆ ರಕ್ತನಾಳ ಹಾಳಾಗುತ್ತದೆ.

"ಇಲ್ರಿ, ಬಲಗೈಲೆ ಹಿಡದೀನಿ. ಸರ್ಕಾರಿ ಮುದ್ರಿ ಇರೋ ಕಲ್ಲು ಇವು, ಒಂದು ಗುಂಜಿ ಫರಕ್ ಬರಂಗಿಲ್ಲ. ನಿಮ್ಮ ಕಾಟಾ ಒಮ್ಮೆ ನೋಡೂನು. ಸಿಟ್ಟಾಗಬ್ಯಾಡ್ರಿ."

ಸಿಟ್ಟಾದೆ. ಆದರೂ ಬಿಟ್ಟೆ. ಬರಿಗೈಯಲ್ಲಿ ನಾನೇ ಯಂತ್ರ ಏರಿದೆ, ಆಮೇಲೆ ಕಲ್ಲು ಹಿಡಿದು ಏರಿದೆ. ನನ್ನ ತೂಕ ಅವರಿಗೆ ಗೊತ್ತಾಗಿ ಹೋಯಿತು, ಅದು ಬೇರೆ ಮಾತು. ಅಂತರ ಸರಿಯಾಗಿ ಹತ್ತು ಕಿಲೊ. ಇನ್ನೊಮ್ಮೆ ಏರಿಸಿದರು. ಹತ್ತೇ. ಕಾಕಾ ಹಾಸಿಗೆಯ ತುದಿಗೆ ಕುಳಿತರು.

"ಕಾಟಾ ಬರೋಬ್ಬರಿ ಐತಿ" ಎಂದರು. "ಹಂಗಾರ ನನ್ನ ಲೆಕ್ಕದಾಗ ಎಲ್ಲೋ ತೂತು ಬಿದ್ದೈತಿ. ಸುಳ್ಳಲ್ರಿ ಮೇಡಂ. ತೂತು."

ನಾನು ನಂಬಲಿಲ್ಲ. ಇಂಥ ಮಾತು ಕೇಳಿ ಕೇಳಿ ನನ್ನ ಕಿವಿ ಮಂದವಾಗಿತ್ತು. ಅವರು ಬಾಟಲಿಯನ್ನು ಅರ್ಧ ಲೀಟರಿಗೆ ಇಳಿಸಿದರು, ತೂಕ ಸ್ವಲ್ಪ ಇಳಿಯಿತು, ಆದರೂ ಲೆಕ್ಕ ಕೂಡಲಿಲ್ಲ. ಹೀಗಿರುವಾಗಲೇ ಒಂದು ಶನಿವಾರ ಅವರನ್ನು ಅಳಿಯ ಜೀಪಿನಲ್ಲಿ ಕರೆತಂದ. ಮಲಗಲು ಆಗದೆ, ಮುಂದಕ್ಕೆ ಬಾಗಿ, ಸೀಟಿನ ಕಂಬಿ ಹಿಡಿದುಕೊಂಡು ಕುಳಿತಿದ್ದರು. ಪ್ರತಿ ಉಸಿರಿಗೂ ಎದೆಯಲ್ಲಿ ಗೊರಗೊರ ಸದ್ದು. ಓಡಾಡಿ ಯಂತ್ರಕ್ಕೆ ಹಚ್ಚಿದೆವು, ಒಂದು ತಾಸಿಗೆ ಉಸಿರು ಹಿಡಿತಕ್ಕೆ ಬಂತು. ಡಾಕ್ಟರು ಹೊರಗೆ ಬಂದು ನನಗೆ ಹೇಳಿದರು: "ಇನ್ನೊಂದು ಸಲ ಹೀಗಾದರೆ ಹೃದಯ ತಡೆಯುವುದಿಲ್ಲ. ಅವರು ಏನು ಕುಡಿಯುತ್ತಿದ್ದಾರೆ, ಪತ್ತೆ ಮಾಡಿ."

ಪತ್ತೆ ಮಾಡಲು ಮರುದಿನವೇ ಹೊರಟೆ. ನನ್ನ ತವರು ಲಿಂಗಸುಗೂರು. ಭಾನುವಾರ ಊರಿಗೆ ಹೋಗುವ ಬಸ್ಸು ಮಸ್ಕಿಯ ಮೇಲೆಯೇ ಹೋಗುತ್ತದೆ. ಹೇಳದೆ ಕೇಳದೆ, ಬೇಕೆಂದೇ ಊಟದ ಹೊತ್ತಿಗೆ ಸರಿಯಾಗಿ ಇಳಿದೆ. ಸುಳ್ಳು ಹೇಳುವವರನ್ನು ಕೈಯಾರೆ ಹಿಡಿಯಬೇಕು ಎಂಬ ಹುರುಪಿತ್ತು, ಮುಚ್ಚಿಡುವುದಿಲ್ಲ.

ಗುಡ್ಡದ ಕೆಳಗಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಕಾಕಾ ನನ್ನನ್ನು ನೋಡಿ ಗಡಬಡಿಸಿ ಎದ್ದರು. ಅವರ ಹೆಂಡತಿ ನೀರಿನ ತಂಬಿಗೆ ತಂದು ಕೊಟ್ಟರು. ಕಾಕಾ ಎದುರಿಗೆ ಗಟಗಟ ಕುಡಿಯಲು ನಾಚಿಕೆಯಾಗಿ ಹಿಡಿದುಕೊಂಡೇ ಕುಳಿತೆ. "ಕುಡೀರಿ ಮೇಡಂ. ಅದಕ್ಯಾಕ ನಾಚಿಕಿ? ಬ್ಯಾರೇದವ್ರು ಕುಡಿಯೂದು ನೋಡಿದ್ರ ನಂಗೂ ತಂಪನಸ್ತೈತಿ" ಎಂದರು ಕಾಕಾ.

ಗೋಡೆಯ ಗೂಡಿನಲ್ಲಿ ಬಾಟಲಿ ಇತ್ತು. ಬೆಳಿಗ್ಗೆ ತುಂಬಿಸಿದ್ದು, ಮಧ್ಯಾಹ್ನಕ್ಕೆ ಕಾಲು ಭಾಗ ಖಾಲಿ. ಚಹಾ ಮಾಡಿದರೆ ಎಷ್ಟು ಚಹಾವೋ ಅಷ್ಟು ನೀರನ್ನು ಬಾಟಲಿಯಿಂದ ಹೊರಗೆ ಸುರಿಯುತ್ತಿದ್ದರು. ಅಳತೆಗೆ ನಾನೇ ಕೊಟ್ಟಿದ್ದ ಗೆರೆ ಇರುವ ಪ್ಲಾಸ್ಟಿಕ್ ಲೋಟ ಪಕ್ಕದಲ್ಲೇ ಇತ್ತು. ಕಾಕಾ ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಅವರ ಹೆಂಡತಿ ನನ್ನ ಹತ್ತಿರ ಬಂದು ಕುಳಿತರು.

"ನೀವು ಸುಳ್ಳಾ ಅಂದಿದ್ರಂತ. ಎರಡು ದಿನ ಮನ್ಯಾಗ ಮಾತ ಆಡಲಿಲ್ಲ. ನಾನೂ ಕೇಳಿಬಿಟ್ಟೆ ನೋಡವ್ವ, ಖರೇ ಹೇಳ್ರಿ, ಎಲ್ಲೆರ ಕುಡದು ಬರ್ತೀರೇನು ಅಂತ. ನನ್ನ ಮಾರಿ ನೋಡಿದ್ರು, ಎದ್ದು ಹೊರಗ ಹೋಗಿ ಕುಂತ್ರು. ಮೂವತ್ತೈದು ವರ್ಷ ಬಾಳೇವು ಮಾಡೀನಿ, ಹಂಗ ಕೇಳಬಾರದಿತ್ತು."

ಕೈಯಲ್ಲಿದ್ದ ತಂಬಿಗೆಯನ್ನು ನಾನು ಕೆಳಗಿಟ್ಟೆ.

ಊಟಕ್ಕೆ ಕುಳಿತೆವು. ಕಾಕಾ ಮೂರು ಕಾಲಿನ ಅಡ್ಡಣಿಗೆಯ ಮೇಲೆ ತಾಟು ಇಟ್ಟುಕೊಂಡು, ಹಣೆಗೆ ವಿಭೂತಿ ಹಚ್ಚಿ, ಎರಡು ಜೋಳದ ರೊಟ್ಟಿ, ಉಪ್ಪು ಕಡಿಮೆ ಹಾಕಿದ ಹೀರೇಕಾಯಿ ಪಲ್ಯ, ಒಂದು ಹಿಡಿ ಅನ್ನ ಉಂಡರು. ನಾನು ಉಣ್ಣುತ್ತಾ ಅವರ ಕೈಯನ್ನೇ ನೋಡುತ್ತಿದ್ದೆ. ಊಟದ ನಡುವೆ ಒಂದು ಗುಟುಕು ನೀರೂ ಕುಡಿಯಲಿಲ್ಲ. ಅವರ ಊಟ ಮುಗಿಯಿತು. ಅವರ ಹೆಂಡತಿ ತಂಬಿಗೆಯಿಂದ ತಾಟಿಗೆ ನೀರು ಹಾಕಿದರು. ಕಾಕಾ ಐದು ಬೆರಳಿನಿಂದ ತಾಟನ್ನು ಸುತ್ತ ತೊಳೆದು, ಒಂದು ಅಗುಳೂ ಉಳಿಯದಂತೆ ಕೂಡಿಸಿ, ತಾಟನ್ನೆತ್ತಿ ಆ ನೀರನ್ನು ಕುಡಿದರು. ಕುಡಿದು ಕಣ್ಣು ಮುಚ್ಚಿ ಕೈ ಮುಗಿದರು.

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ಕಾಕಾ, ಈಗೇನು ಕುಡದ್ರಿ?"

"ಏನೂ ಕುಡದಿಲ್ಲಲ್ರಿ."

"ಈಗ ಕುಡದ್ರಲ್ಲ, ತಾಟಿನ್ಯಾಗಿಂದು."

"ಅದಾ? ಅದು ತಾಟು ತೊಳದದ್ರಿ."

"ಅದು ನೀರಲ್ಲೇನ್ರಿ?"

"ನೀರು ಹೆಂಗಾಕ್ಕೈತಿ? ಪ್ರಸಾದ ಅದು. ತಾಟಿನ್ಯಾಗ ಒಂದು ಅಗಳ ಉಳೀಬಾರದು, ನಮ್ಮ ಹಿರೇರ ಕಾಲದಿಂದ..." ಎಂದವರು ಅಲ್ಲಿಗೇ ನಿಂತರು. ಮುಗಿದ ಕೈ ಹಾಗೆಯೇ ಇತ್ತು. ಖಾಲಿ ತಾಟನ್ನು ನೋಡಿದರು, ಹೆಂಡತಿಯ ಕೈಯ ತಂಬಿಗೆಯನ್ನು ನೋಡಿದರು. ಗಂಜ್‌ನಲ್ಲಿ ಅವರು ತೂಕದ ಲೆಕ್ಕ ಹೇಗೆ ಹಾಕುತ್ತಿದ್ದರೋ ನಾನು ಕಂಡಿಲ್ಲ, ಆದರೆ ಆಗ ಅವರ ಮುಖ ಹಾಗೆಯೇ ಇದ್ದಿರಬೇಕು.

"ಏ, ಆ ಗೆರಿ ಇರೋ ಲೋಟ ತಗೊಂಡ ಬಾ. ದಿನಾ ಎಷ್ಟು ಹಾಕ್ತಿ, ಅಷ್ಟ ನೀರು ಅದರಾಗ ಹಾಕು."

ಅವರು ಹಾಕಿದರು. ನೂರರ ಗೆರೆ ದಾಟಿ ಇನ್ನೂರರ ಗೆರೆಗೆ ನಿಂತಿತು.

"ಮೂರು ಹೊತ್ತು. ಆರುನೂರು" ಎಂದರು ಕಾಕಾ. "ಎರಡೂವರಿ ದಿನಕ್ಕ..."

"ಒಂದೂವರೆ ಕಿಲೊ" ಎಂದೆ ನಾನು.

ಅವರು ನಗಲು ಶುರುಮಾಡಿದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ನಲವತ್ತು ವರ್ಷ ಖಾಲಿ ಚೀಲದ ತೂಕ ಬಿಡದಂಗ ಕಳದೀನಿ. ಕೊಳ್ಳಾಗಿನ ಕರಡಿಗಿದೂ ಕಳದೀನಿ. ಇದನ್ನ ಹೆಂಗ ಮರತೆ?" ಅವರ ಹೆಂಡತಿ ಮಾತ್ರ ಗೋಡೆಗೆ ಒರಗಿ ಕುಸಿದು ಕುಳಿತು, "ನನ್ನ ಕೈಯಾರೆ ಹಾಕೀನಲ್ಲವ್ವ, ಹೊತ್ತಿಗೊಮ್ಮೆ ನನ್ನ ಕೈಯಾರೆ" ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ಕಾಕಾ ನಗು ನಿಲ್ಲಿಸಿ ಅವರ ಕಡೆ ತಿರುಗಿದರು. "ನೀ ಏನ ಮಾಡ್ತಿ ಬಿಡು. ನಿಂಗ ಯಾರೂ ಹೇಳಿದ್ದಿಲ್ಲ, ನಂಗೂ ಯಾರೂ ಕೇಳಿದ್ದಿಲ್ಲ."

ಆ ಮಾತು ನನಗೆ ನಾಟಿತು. ನಮ್ಮ ಮನೆಯಲ್ಲಿ ಆ ಪದ್ಧತಿ ಇಲ್ಲ. ಆದರೆ ಲಿಂಗಸುಗೂರಿನ ನಮ್ಮ ಓಣಿಯಲ್ಲಿ ಚಿಕ್ಕಂದಿನಿಂದಲೂ ನೋಡಿದ್ದೇನೆ. ಗೆಳತಿಯ ಅಜ್ಜ ತಾಟು ತೊಳೆದು ಕುಡಿಯುವುದನ್ನು ನೋಡುತ್ತಲೇ ಬೆಳೆದವಳು ನಾನು. ಮಜ್ಜಿಗೆ, ಕಲ್ಲಂಗಡಿ, ಐಸ್ ಎಲ್ಲ ಕೇಳಿದವಳಿಗೆ ಅದೊಂದನ್ನು ಕೇಳಬೇಕು ಎಂದು ಹ್ಯಾಗೆ ಹೊಳೆಯಲಿಲ್ಲವೋ. ಅವರು ಅದನ್ನು ನೀರು ಅಂದುಕೊಂಡಿರಲಿಲ್ಲ, ನಾನೂ ಅಂದುಕೊಂಡಿರಲಿಲ್ಲ. ಸುಳ್ಳುಗಾರರೆಂಬ ಹೆಸರು ಮಾತ್ರ ಅವರಿಗೊಬ್ಬರಿಗೇ ಬಂತು.

"ಇನ್ನ ಮ್ಯಾಲ ಅದನ್ನ ಬಿಟ್ಟುಬಿಡ್ರಿ" ಎಂದೆ, ದೊಡ್ಡ ಸಮಸ್ಯೆ ಬಿಡಿಸಿದವಳ ಹಾಗೆ.

"ಇಲ್ರಿ" ಎಂದರು. ಧ್ವನಿ ಏರಲಿಲ್ಲ. "ಬಾಟಲಿ ನೀರು ಬಿಡ್ತೀನಿ. ಇದನ್ನ ಬಿಡಂಗಿಲ್ಲ."

ನಾನು ವಾದ ಮಾಡಿದೆ. ಬೇಸಿಗೆ ಬರುತ್ತಿದೆ, ಬಾಯಾರಿದಾಗ ನಾಲ್ಕು ಗುಟುಕು ಬರಿಯ ನೀರು ಬೇಕಾಗುತ್ತದೆ, ದೇವರೂ ಬೇಡ ಅನ್ನುವುದಿಲ್ಲ ಎಂದೆ. ಅವರು ನನ್ನ ಮಾತು ಮುಗಿಯುವವರೆಗೆ ಕೇಳಿ, ಎದ್ದು, ಗೂಡಿನಿಂದ ಬಾಟಲಿ ತಂದು, ಡಾಕ್ಟರು ಹೇಳಿದ ಮುಕ್ಕಾಲು ಲೀಟರಿನಲ್ಲಿ ತಾಟಿನ ಆರುನೂರು ಕಳೆದು, ಉಳಿದ ನೂರೈವತ್ತು ಮಾತ್ರ ಇಟ್ಟುಕೊಂಡು ಮಿಕ್ಕದ್ದನ್ನು ಹೊರಗೆ ತುಳಸಿಗೆ ಸುರಿದರು. ತಳದಲ್ಲಿ ಉಳಿದದ್ದನ್ನು ಎತ್ತಿ ತೋರಿಸಿದರು. "ಗುಳಿಗಿಗೆ ಇಷ್ಟ ಸಾಕು" ಎಂದರು. ಮೊದಮೊದಲು ಆ ಮನುಷ್ಯ ಬಾಯಾರಿಕೆಗೆಂದು ನೀರು ಕುಡಿದದ್ದೇ ಇಲ್ಲ ಎನ್ನಬೇಕು. ಅವರು ಕುಡಿದದ್ದೆಲ್ಲ ರೊಟ್ಟಿ ಪಲ್ಯದ ರುಚಿ ಹತ್ತಿದ ತಾಟಿನ ನೀರು. ಕೆಲವು ದಿನಗಳ ಮೇಲೆ ಕೊನೆಯ ರೊಟ್ಟಿ ಚೂರಿನಿಂದ ತಾಟನ್ನು ಒರೆಸಿ ಉಂಡು, ಆಮೇಲೆ ಅರ್ಧ ನೀರಿನಲ್ಲೇ ತೊಳೆಯುವುದನ್ನು ರೂಢಿ ಮಾಡಿಕೊಂಡರು. ಹಾಗೆ ಉಳಿತಾಯವಾದದ್ದನ್ನು ಬಾಟಲಿಗೆ ಸೇರಿಸಿಕೊಂಡರೇ ಎಂದು ಕೇಳಿದೆ. "ಹೂಂ, ಅಷ್ಟ ಮಜಾ ಮಾಡಾಕತ್ತೀನಿ" ಎಂದರು.

ಮುಂದಿನ ಮಂಗಳವಾರ ತೂಕ ಎರಡು ಕಿಲೊ ದಾಟಲಿಲ್ಲ. ಕಾಕಾ ಯಂತ್ರದಿಂದ ಇಳಿದು ಇಡೀ ಕೋಣೆಗೆ ತಮ್ಮ ಬೇಕೂಫತನವನ್ನು ತಾವೇ ಹೇಳಿಕೊಂಡರು, ಎಲ್ಲರನ್ನೂ ನಗಿಸಿದರು. ಕಂಡಕ್ಟರ್ ಮಾತ್ರ ನಗಲಿಲ್ಲ. "ನಮ್ಮನ್ಯಾಗೂ ಹಂಗ ಐತಲ್ರಿ" ಎಂದರು. ಅಂದಿನಿಂದ ಹೊಸದಾಗಿ ಬರುವ ಪ್ರತಿಯೊಬ್ಬರಿಗೂ ತಾಟು ತೊಳೆದು ಕುಡಿಯುತ್ತೀರಾ ಎಂದು ಕೇಳುತ್ತೇನೆ.

ಮಾಡಬೇಕಾದ ಇನ್ನೊಂದು ಕೆಲಸ ಮಾಡಲಿಲ್ಲ. ತಪ್ಪಾಯಿತು ಕಾಕಾ ಎಂದು ಹೇಳಲಿಲ್ಲ. ಇವತ್ತು ಹೇಳುತ್ತೇನೆ, ಗುರುವಾರ ಹೇಳುತ್ತೇನೆ ಎಂದು ಮುಂದೂಡಿದೆ. ಎಲ್ಲರೆದುರಿಗೆ ಬೈದದ್ದನ್ನು ಎಲ್ಲರೆದುರಿಗೇ ವಾಪಸ್ ತೆಗೆದುಕೊಳ್ಳಬೇಕು, ಅದು ಕಷ್ಟ. ಬಿಳಿ ಕೋಟು ಹಾಕಿಕೊಂಡ ಮೇಲೆ ಇನ್ನೂ ಕಷ್ಟ. ಅವರು ಕೇಳಲಿಲ್ಲ. ಆದರೆ ನನ್ನನ್ನು ಮೊದಲಿನಂತೆ "ತಂಗೆವ್ವ" ಎಂದು ಕರೆಯುವುದನ್ನು ಬಿಟ್ಟು "ಮೇಡಂ" ಎನ್ನುತ್ತಿದ್ದರು. ಆ ವ್ಯತ್ಯಾಸ ನನಗೆ ಗೊತ್ತಾಗುತ್ತಿತ್ತು.

ಹೀಗೆ ಒಂದು ವರ್ಷ ಕಳೆಯಿತು. ಆಮೇಲೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ರಾಯಚೂರಿಗೆ ಒಯ್ಯಬೇಕು, ಅದಕ್ಕೆ ಮೊದಲು ಡಯಾಲಿಸಿಸ್ ಆಗಲೇಬೇಕು. ಅಳಿಯ ಮತ್ತು ಇನ್ನಿಬ್ಬರು ಸ್ಟ್ರೆಚರಿನಲ್ಲಿ ಎತ್ತಿಕೊಂಡು ತಂದರು. ಹೆಂಡತಿ ಬಾಗಿಲ ಹೊರಗೆ ನಿಂತರು, ಒಳಗೆ ಜನ ಜಾಸ್ತಿಯಾಗುತ್ತದೆಂದು.

ಕಾಕಾಗೆ ನಿಲ್ಲಲು ಆಗುವುದಿಲ್ಲ. ನಿಲ್ಲದೆ ತೂಕ ಇಲ್ಲ. ತೂಕ ಇಲ್ಲದೆ ಎಷ್ಟು ನೀರು ಎಳೆಯಬೇಕೆಂದು ಯಂತ್ರಕ್ಕೆ ಹೇಳುವುದು ಹ್ಯಾಗೆ? ಬಿದ್ದ ಪೆಟ್ಟಿಗೆ ರಕ್ತದೊತ್ತಡ ಮೊದಲೇ ಕೆಳಗಿತ್ತು. ಅರ್ಧ ಕಿಲೊ ಹೆಚ್ಚು ಎಳೆದರೂ ಅಪಾಯ, ಬಿಟ್ಟರೆ ರಾಯಚೂರಿನ ದಾರಿಯಲ್ಲೇ ಉಸಿರು ಕಟ್ಟುವ ಭಯ. "ಗಂಜ್‌ಗೆ ಒಯ್ದು ದೊಡ್ಡ ಕಾಟಾದ ಮ್ಯಾಲ ಇಡ್ರಿ, ಅಲ್ಲಿ ಮಲಗಿದ್ರೂ ತೂಗ್ತಾರ" ಎಂದು ಕಾಕಾ ನೋವಿನಲ್ಲೂ ಹೇಳಿದರು. ಯಾರೂ ನಗಲಿಲ್ಲ.

ಅಂದು ಇದ್ದದ್ದು ಹೊಸ ಡಾಕ್ಟರು. ಬಂದು ಹದಿನೈದು ದಿನವಾಗಿತ್ತು. ಮಂಚದ ಪಕ್ಕ ಬಾಗಿ, "ಯಜಮಾನರೇ, ಎಷ್ಟು ಏರಿರಬಹುದು?" ಎಂದು ಕೇಳಿದರು.

"ಒಂದು ಕಿಲೊ ಒಂಬತ್ತುನೂರು" ಎಂದರು ಕಾಕಾ, ಕಣ್ಣು ಮುಚ್ಚಿಕೊಂಡೇ. "ನಿನ್ನಿ ಬಿದ್ದ ಮ್ಯಾಲ ಒಂದ ಹೊತ್ತು ಉಂಡೀನಿ. ಅದನ್ನ ಹಿಡದು ಹೇಳೀನಿ."

ಡಾಕ್ಟರು ಅವರ ಫೈಲು ತಿರುವಿದರು. ಒಂದು ಪುಟದಲ್ಲಿ ನಿಂತು ಓದಿದರು. ಆಮೇಲೆ ನನ್ನನ್ನು ಕರೆದು, ದನಿ ತಗ್ಗಿಸದೆ ಕೇಳಿದರು: "ಇಲ್ಲಿ ಕೆಂಪು ಶಾಯಿಯಲ್ಲಿ ಬರೆದಿದೆಯಲ್ಲ. ನೀರಿನ ವಿಷಯದಲ್ಲಿ ಸುಳ್ಳು ಹೇಳುತ್ತಾರೆ, ಮಾತು ನಂಬಬಾರದು ಅಂತ. ಇದನ್ನು ನೋಡಿದ ಮೇಲೆ ಅವರು ಹೇಳಿದ ಅಂಕಿ ಹಾಕುವುದು ಹೇಗೆ?"

ಬರೆದವಳು ನಾನು. ಆ ಮಂಗಳವಾರ, ಬೈದ ಮೇಲೂ ಸಿಟ್ಟು ಇಳಿಯದೆ, ಗೆರೆ ಎಳೆದು ಬರೆದಿದ್ದೆ. ಒಂದೂವರೆ ಕಿಲೊ ಎಲ್ಲಿಂದ ಬಂತೆಂದು ಗೊತ್ತಾದ ಮೇಲೂ ಅದನ್ನು ಹೊಡೆದುಹಾಕಬೇಕೆಂದು ನೆನಪಾಗಿರಲಿಲ್ಲ. ಕಾಕಾ ಕಣ್ಣು ತೆರೆದು ನನ್ನನ್ನು ನೋಡುತ್ತಿದ್ದರು. ಪಕ್ಕದ ಹಾಸಿಗೆಯಿಂದ ಕಂಡಕ್ಟರೂ ನೋಡುತ್ತಿದ್ದರು.

"ಅದನ್ನ ಬರದದ್ದು ನಾನ ಸರ್" ಎಂದೆ. "ತಪ್ಪು ಬರದೀನಿ. ಕಾಕಾ ಒಂದು ದಿನಾನೂ ಸುಳ್ಳು ಹೇಳಿಲ್ಲ. ನಮ್ಮ ಕಾಟಾ ಹೇಳೂದೂ ಅವರು ಹೇಳೂದೂ ಎರಡೂ ಒಂದ ಲೆಕ್ಕ. ಒಂದು ಒಂಬತ್ತುನೂರ ಹಾಕ್ರಿ."

ಡಾಕ್ಟರು "ಹಾಕಿ" ಎಂದರು. ನಾನು ಯಂತ್ರದ ಗುಂಡಿ ಒತ್ತಿ ಅಂಕಿ ತುಂಬುತ್ತಿದ್ದೆ. ಕಾಕಾ ಸೂಜಿ ಇಲ್ಲದ ಕೈಯಿಂದ ನನ್ನ ಕೋಟಿನ ತುದಿ ಹಿಡಿದು ಎಳೆದರು. ನೋವಿಗೆ ಬೆವರಿದ್ದರು, ಮಾತು ತುಂಡುತುಂಡಾಗಿ ಬರುತ್ತಿತ್ತು.

"ತಂಗೆವ್ವ, ಇನ್ನೊಮ್ಮೆ ಹೇಳು. ನಮ್ಮಾಕಿ ಹೊರಗ ನಿಂತಾಳ, ಆಕಿಗೆ ಕೇಳಿಸಿಲ್ಲ."

ನಾನು ಬಾಗಿಲ ಕಡೆ ತಿರುಗಿ, ಆವತ್ತು ಬೈದಷ್ಟೇ ಜೋರಾಗಿ, ಇನ್ನೊಮ್ಮೆ ಹೇಳಿದೆ.